ಹೊಲಿದ ಬೊಂಬೆಗೆ ಡೂಪ್ಲಿಕೇಟ್ ಅನ್ನಬೇಡಿ

"ಇದನ್ನೆಲ್ಲ ಒಳಗೆ ಇಡ್ರಮ್ಮ. ಡೂಪ್ಲಿಕೇಟ್ ಮಾಲು. ನಾಳೆ ಯಾರಾದ್ರೂ ಕಂಪ್ಲೇಂಟ್ ಕೊಟ್ರೆ ನಮ್ಮ ತಲೆಗೆ ಬರುತ್ತೆ."

ತಾಲೂಕು ಮಟ್ಟದ ಮಾರಾಟ ಮೇಳವೊಂದರಲ್ಲಿ ವ್ಯವಸ್ಥೆ ನೋಡಿಕೊಳ್ಳುತ್ತಿದ್ದವರೊಬ್ಬರು ಹೇಳಿದ ಮಾತಿದು. ಹೇಳಿಸಿಕೊಂಡವರು ನಮ್ಮ ಪಕ್ಕದೂರಿನ ಸ್ವಸಹಾಯ ಸಂಘದ ಮೂವರು ಹೆಂಗಸರು. ಅವರ ಮೇಜಿನ ಮೇಲೆ ಹಪ್ಪಳ, ಉಪ್ಪಿನಕಾಯಿ, ಬಟ್ಟೆ ಚೀಲಗಳ ಜೊತೆ ಹದಿನಾಲ್ಕು ಬೊಂಬೆಗಳಿದ್ದವು. ಐದು ಆನೆ, ಮೂರು ಮೊಲ, ಆರು ಮಿಕ್ಕಿ ಮೌಸ್. ಟೈಲರ್ ಅಂಗಡಿಯಲ್ಲಿ ಉಳಿದ ಕಟ್‌ಪೀಸ್ ಬಟ್ಟೆ, ಒಳಗೆ ಬೂರುಗದ ಹತ್ತಿ. ಮಿಕ್ಕಿಯ ಕಿವಿ ನೆಟ್ಟಗೆ ನಿಲ್ಲಲಿ ಅಂತ ಒಳಗೆ ಕಾಲರ್‌ಗೆ ಹಾಕುವ ಕ್ಯಾನ್ವಾಸ್ ಕೊಟ್ಟು ಹೊಲಿದಿದ್ದರು. ಎರಡು ತಿಂಗಳು, ಅಡಿಕೆ ಸುಲಿದು ಬಂದ ಮೇಲೆ ರಾತ್ರಿ ಕೂತು ಮಾಡಿದ ಕೆಲಸ.

ಮಿಕ್ಕಿಗಳನ್ನು ಒಳಗಿಟ್ಟರು. ಐದು ನಿಮಿಷ ಬಿಟ್ಟು ಅದೇ ಮನುಷ್ಯ ವಾಪಸ್ ಬಂದು, "ಬೊಂಬೆನೇ ಬೇಡ ಬಿಡಿ, ಸುಮ್ನೆ ತಲೆನೋವು" ಅಂದರು. ಆನೆ ಮೊಲಗಳೂ ಗೋಣಿಚೀಲ ಸೇರಿದವು. ಆನೆ ಯಾರ ಕಂಪನಿಯದು ಅಂತ ಯಾರೂ ಕೇಳಲಿಲ್ಲ.

ಎದುರುಗಡೆ ಸಾಲಿನಲ್ಲಿ ಪ್ಲಾಸ್ಟಿಕ್ ಸಾಮಾನಿನ ಅಂಗಡಿ ಇತ್ತು. ನೀರಿನ ಬಾಟಲಿ ಮೇಲೆ ಮಿಕ್ಕಿ. ಸ್ಕೂಲ್ ಬ್ಯಾಗಿನ ಮೇಲೆ ಮಿಕ್ಕಿ. ಗಾಳಿ ತುಂಬಿದ ಬಲೂನೂ ಮಿಕ್ಕಿಯೇ. ನಾನು ಒಂದು ಬಾಟಲಿ ತಿರುಗಿಸಿ ನೋಡಿದೆ. ಮಾಡಿದವರ ಹೆಸರಿಲ್ಲ, ವಿಳಾಸವಿಲ್ಲ, ಲೈಸೆನ್ಸಿನ ಒಂದು ಅಕ್ಷರವೂ ಇಲ್ಲ. ಅಲ್ಲಿಗೆ ಹೋಗಿ "ಡೂಪ್ಲಿಕೇಟ್" ಅಂದವರು ಯಾರೂ ಇಲ್ಲ. ಮಷಿನ್ನಿಂದ ಬಂದದ್ದು ಮಾಲು, ಕೈಯಿಂದ ಬಂದದ್ದು ಕಳ್ಳಮಾಲು! ಇದು ಯಾವ ಊರಿನ ನ್ಯಾಯ?

ಇನ್ನೊಂದು ತಪ್ಪೊಪ್ಪಿಗೆ ಇದೆ. ನಾನು ಅವತ್ತು ಆ ಮೇಳದ ಸುದ್ದಿ ಮಾಡಲಿಕ್ಕೇ ಹೋದವನು. ಸಂಜೆ ಕಳಿಸಿದ ವರದಿಯ ಮೊದಲ ಸಾಲು "ಮೇಳಕ್ಕೆ ಭರ್ಜರಿ ಸ್ಪಂದನೆ" ಅಂತಲೇ ಇತ್ತು. ಗೋಣಿಚೀಲದ ಕಥೆ ಅದರಲ್ಲಿ ಇರಲಿಲ್ಲ. ಬರೆದರೆ ಡೆಸ್ಕಿನವರು ಕತ್ತರಿಸುತ್ತಾರೆ ಅಂತ ನಾನೇ ಮೊದಲು ಕತ್ತರಿಸಿದ್ದೆ. ಅವತ್ತು ಬರೆಯದಿದ್ದದ್ದನ್ನು ಇವತ್ತು ಇಲ್ಲಿ ಬರೆಯುತ್ತಿದ್ದೇನೆ.

ಮಿಕ್ಕಿಯ ಮೊದಲ ಬೊಂಬೆ ಹೊಲಿದವರು ಯಾರು?

ಡೂಪ್ಲಿಕೇಟ್ ಅಂದವರಿಗೆ ಒಂದು ಪ್ರಶ್ನೆ. ಒರಿಜಿನಲ್ ಎಲ್ಲಿ ಹುಟ್ಟಿತು ಅಂತ ಗೊತ್ತಾ?

ಮಿಕ್ಕಿ ಪರದೆ ಮೇಲೆ ಹೆಸರಾದದ್ದು 1928ರ ನವೆಂಬರಿನಲ್ಲಿ, 'ಸ್ಟೀಮ್‌ಬೋಟ್ ವಿಲ್ಲಿ' ಎಂಬ ಪುಟ್ಟ ಕಾರ್ಟೂನ್ ಸಿನಿಮಾದಿಂದ. ಅಮೆರಿಕದ ದಿನಪತ್ರಿಕೆಗಳಲ್ಲಿ ಮಿಕ್ಕಿಯ ಕಾಮಿಕ್ ಪಟ್ಟಿ ಶುರುವಾದದ್ದು 1930ರ ಜನವರಿಯಲ್ಲಿ. ಅದೇ 1930ರಲ್ಲಿ ಲಾಸ್ ಏಂಜಲೀಸ್ ಊರಿನ ಷಾರ್ಲೆಟ್ ಕ್ಲಾರ್ಕ್ ಎಂಬ ಹೆಂಗಸು ಮಿಕ್ಕಿಯ ಬಟ್ಟೆ ಬೊಂಬೆ ಮಾಡಿದರು. ಆಕೆ ಕಾರ್ಖಾನೆ ಮಾಲೀಕಳಲ್ಲ, ಹೊಲಿಗೆ ಬಲ್ಲ ಹೆಂಗಸು. ನಮ್ಮೂರಲ್ಲಿ ಬ್ಲೌಸ್ ಹೊಲಿಯುವ ಅಕ್ಕಂದಿರ ಹಾಗೆ.

ಎದುರಿಗಿಟ್ಟುಕೊಂಡು ಹೊಲಿಯಲಿಕ್ಕೆ ಮಿಕ್ಕಿಯ ಒಂದು ಒಳ್ಳೆ ಚಿತ್ರವೂ ಆಕೆಯ ಹತ್ತಿರ ಇರಲಿಲ್ಲ. ಬಾಬ್ ಕ್ಲಾಂಪೆಟ್ ಅಂತ ಹೈಸ್ಕೂಲಿಗೆ ಹೋಗುವ ಹುಡುಗ, ಆಕೆಗೆ ಸೋದರ ಸಂಬಂಧಿ, ಚಿತ್ರ ಬರೆಯುತ್ತಿದ್ದ. ಅವನನ್ನು ಟಾಕೀಸಿಗೆ ಕಳಿಸಿದರು. ಅವನು ಕತ್ತಲಲ್ಲಿ ಕೂತು, ಪರದೆ ಮೇಲೆ ಓಡಾಡುವ ಇಲಿಯನ್ನು ನೋಡಿ ನೋಡಿ ಪುಸ್ತಕದಲ್ಲಿ ಬರೆದುಕೊಂಡು ಬಂದ. ಆ ಚಿತ್ರ ಇಟ್ಟುಕೊಂಡು ಆಕೆ ಬಟ್ಟೆ ಕತ್ತರಿಸಿದರು. ಈ ಹುಡುಗ ಮುಂದೆ ಹಾಲಿವುಡ್ಡಿನ ದೊಡ್ಡ ಕಾರ್ಟೂನ್ ನಿರ್ದೇಶಕನಾದ. ಆಗ ಅವನ ಕೆಲಸ ಹೊಲಿದ ಬಟ್ಟೆಯನ್ನು ಒಳ-ಹೊರಗೆ ಮಾಡುವುದು, ಹತ್ತಿ ತುಂಬುವುದು, ಮೇಲೆ ಅಂಟಿದ ಹತ್ತಿಯನ್ನು ಬ್ರಷ್‌ನಲ್ಲಿ ತೆಗೆಯುವುದು.

ತುಂಬಿದ ಹತ್ತಿ ಯಾವುದು ಅಂದುಕೊಂಡಿರಿ? ನಾವು ದಿಂಬಿಗೆ ತುಂಬುವ ಬೂರುಗದ ಹತ್ತಿಯ ಜಾತಿಯದೇ.

ಇದು ಇನ್ನೊಬ್ಬರು ಸೃಷ್ಟಿಸಿದ ಇಲಿ, ಒಪ್ಪಿಗೆ ಬೇಕು ಅಂತ ಅವರು ಬೊಂಬೆ ಹಿಡಿದುಕೊಂಡು ಸೀದಾ ವಾಲ್ಟ್ ಡಿಸ್ನಿ ಹತ್ತಿರವೇ ಹೋದರು. ಡಿಸ್ನಿ ಏನು ಮಾಡಬಹುದಿತ್ತು? "ಒಳಗೆ ಇಡಮ್ಮ, ಡೂಪ್ಲಿಕೇಟ್" ಅನ್ನಬಹುದಿತ್ತು. ಹಾಗೆ ಅನ್ನಲಿಲ್ಲ. ಬೊಂಬೆ ಇಷ್ಟವಾಯಿತು. ಸ್ಟುಡಿಯೊ ಹತ್ತಿರದಲ್ಲೇ ಒಂದು ಮನೆ ಬಾಡಿಗೆಗೆ ಹಿಡಿದು, ಕೆಲವು ಹೆಂಗಸರನ್ನು ಸೇರಿಸಿಕೊಂಡು ಹೊಲಿಗೆ ಶುರುವಾಯಿತು. ಆ ಮನೆಗೆ ಬೊಂಬೆ ಮನೆ ಅಂತಲೇ ಹೆಸರು ಬಿತ್ತು. ಡಿಸ್ನಿ ತಾನೇ ಹಳೇ ಕಾರಿನಲ್ಲಿ ಬಂದು ಬೊಂಬೆ ತುಂಬಿಕೊಂಡು ಹೋಗುತ್ತಿದ್ದ, ಒಂದು ದಿನ ಬೊಂಬೆ ತುಂಬಿದ ಕಾರು ಸ್ಟಾರ್ಟ್ ಆಗದೆ ತಾನು ಹಿಂದಿನಿಂದ ತಳ್ಳಿದೆ ಅಂತ ಕ್ಲಾಂಪೆಟ್ ಮುಂದೆ ನೆನಪು ಮಾಡಿಕೊಂಡಿದ್ದಾನೆ.

ಆಮೇಲಿನ ಸಂಗತಿ ಇನ್ನೂ ಮುಖ್ಯ. ಬೊಂಬೆಗೆ ಎಷ್ಟು ಬೇಡಿಕೆ ಬಂತೆಂದರೆ ಕೈಯಲ್ಲಿ ಹೊಲಿದು ಪೂರೈಸಲಿಕ್ಕೆ ಆಗಲಿಲ್ಲ. ಆಗ 1932ರಲ್ಲಿ ಮೆಕಾಲ್ ಎಂಬ ಕಂಪನಿಯ ಮೂಲಕ ಷಾರ್ಲೆಟ್ ಕ್ಲಾರ್ಕ್ ಬೊಂಬೆಯ ನಮೂನೆಯನ್ನೇ ಕಾಗದದ ಮೇಲೆ ಅಚ್ಚು ಮಾಡಿ ಮಾರಿದರು. ಅದು 91ನೇ ನಂಬರಿನ ನಮೂನೆ. ಕಾಗದ ಕೊಂಡುಕೋ, ಅದನ್ನಿಟ್ಟು ಬಟ್ಟೆ ಕತ್ತರಿಸು, ನಿನ್ನ ಮಗುವಿಗೆ ನೀನೇ ಮಿಕ್ಕಿ ಹೊಲಿ. ಅಮೆರಿಕ ಆಗ ಬಡತನದಲ್ಲಿ ಮುಳುಗಿದ್ದ ಕಾಲ. ಅಂಗಡಿಯ ಬೊಂಬೆ ಕೊಳ್ಳಲಾಗದ ತಾಯಂದಿರು ಮನೆಯಲ್ಲಿದ್ದ ಬಟ್ಟೆಯಲ್ಲಿ ಮಿಕ್ಕಿ ಹೊಲಿದುಕೊಂಡರು.

ಆ ಕಾಲದ ಷಾರ್ಲೆಟ್ ಕ್ಲಾರ್ಕ್ ಬೊಂಬೆಗಳು ಇವತ್ತು ಹರಾಜಿಗೆ ಬಂದರೆ ಸಾವಿರಾರು ಡಾಲರಿಗೆ ಹೋಗುತ್ತವೆ. ಬಣ್ಣ ಮಾಸಿದ್ದರೂ ಕೊಳ್ಳುವವರಿದ್ದಾರೆ. ಅದಕ್ಕೆ ಅವರು ಕೊಡುವ ಹೆಸರು "ವಿಂಟೇಜ್ ಹ್ಯಾಂಡ್‌ಮೇಡ್". ಅಂದರೆ ಹಳೇದು, ಕೈಯಲ್ಲಿ ಮಾಡಿದ್ದು. ಅಲ್ಲಿ ಕೈಯಲ್ಲಿ ಹೊಲಿದದ್ದಕ್ಕೇ ಬೆಲೆ. ಇಲ್ಲಿ ಕೈಯಲ್ಲಿ ಹೊಲಿದದ್ದಕ್ಕೇ ಗೋಣಿಚೀಲ.

ನಮ್ಮ ಮನೆಯ ಡಿಂಗ

ಇಲಿಯ ವಿಷಯ ಬಂದ ಮೇಲೆ ನಮ್ಮ ಇಲಿಯನ್ನು ಬಿಡಲಿಕ್ಕಾಗುತ್ತಾ? ಮೂವತ್ತು ದಾಟಿದ ಓದುಗರಿಗೆ ಬಾಲಮಂಗಳದ ಡಿಂಗ ಗೊತ್ತು. ಮಲಯಾಳದ ಬಾಲಮಂಗಳಂ ಪತ್ರಿಕೆಯಲ್ಲಿ 1983ರಲ್ಲಿ ಹುಟ್ಟಿದ ಡಿಂಕನ್ ಎಂಬ ಇಲಿ, ಕನ್ನಡಕ್ಕೆ ಬಂದು ಡಿಂಗ ಆದ. ಕಥೆ ಬರೆದವರು ಎನ್. ಸೋಮಶೇಖರನ್, ಚಿತ್ರ ಬರೆದವರು ಬೇಬಿ. ಸೂಪರ್‌ಮ್ಯಾನ್ ಯಾರು ಅಂತ ನಮಗೆ ಆಮೇಲೆ ಗೊತ್ತಾಯಿತು. ಮೊದಲು ನಮಗೆ ಹಾರಲಿಕ್ಕೆ ಕಲಿಸಿದವನು ಡಿಂಗ.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಜ್ವರ ಬಂದು ಹದಿನೈದು ದಿನ ಮಲಗಿದ್ದೆ. ನಮ್ಮತ್ತೆ, ಅಂದರೆ ಅಪ್ಪನ ತಂಗಿ, ಕಾಲಲ್ಲಿ ತುಳಿಯುವ ಮಷಿನ್ನಿನಲ್ಲಿ ಊರಿನವರ ರವಿಕೆ ಹೊಲಿಯುತ್ತಿದ್ದರು. ಬಾಲಮಂಗಳದ ಪುಟ ಪಕ್ಕದಲ್ಲಿಟ್ಟುಕೊಂಡು ನನಗೊಂದು ಡಿಂಗನನ್ನು ಹೊಲಿದುಕೊಟ್ಟರು. ಪತ್ರಿಕೆಯ ಬಣ್ಣಕ್ಕೂ ನನ್ನ ಡಿಂಗನ ಬಣ್ಣಕ್ಕೂ ಸಂಬಂಧವೇ ಇರಲಿಲ್ಲ. ಅಜ್ಜನ ಹಳೇ ಖಾಕಿ ಚಡ್ಡಿಯ ಮೈ, ಯಾರದೋ ರವಿಕೆಯಲ್ಲಿ ಉಳಿದ ಹಸಿರು ಬಟ್ಟೆ ಬೆನ್ನಿಗೆ. ಬಾಲಕ್ಕೆ ಲಂಗದ ಲಾಡಿ. ಕಣ್ಣಿಗೆ ಅಂಗಿಯ ಗುಂಡಿ.

ಎರಡೇ ದಿನಕ್ಕೆ ಒಂದು ಗುಂಡಿ ಕಿತ್ತು ಬಂತು. ಪುಟ್ಟ ತಮ್ಮ ಅದನ್ನು ಬಾಯಿಗೆ ಹಾಕಿಕೊಂಡ. ಅತ್ತೆ ಓಡಿ ಬಂದು ಬೆರಳು ಹಾಕಿ ತೆಗೆದರು, ನನಗೆ ಎರಡು ಬಿಟ್ಟರು, ಉಳಿದ ಗುಂಡಿಯನ್ನೂ ಕಿತ್ತು ಎಸೆದು ಕಪ್ಪು ದಾರದಲ್ಲಿ ಎರಡು ಕಣ್ಣು ಹೆಣೆದರು. ಮಗುವಿನ ಆಟಿಕೆಯಲ್ಲಿ ಕಿತ್ತು ಬರುವ ತುಂಡು ಇರಬಾರದು ಅಂತ ಸರ್ಕಾರದ ನಿಯಮದಲ್ಲಿ ಈಗ ಪುಟಗಟ್ಟಲೆ ಇದೆ. ಅತ್ತೆ ಅದನ್ನು ಒಂದು ಮಧ್ಯಾಹ್ನದಲ್ಲಿ ಕಲಿತರು.

ಆ ಡಿಂಗ ಈಗಲೂ ಇದ್ದಾನೆ. ಒಂದು ಕಿವಿಯನ್ನು ಇಲಿಯೇ ಕಡಿದಿದೆ. ಮಲಯಾಳದ ಮೂಲ ಪತ್ರಿಕೆ 2012ರಲ್ಲಿ ನಿಂತುಹೋಯಿತು. ನನ್ನ ಮಗಳಿಗೆ ಡಿಂಗ ಅಂದರೆ ಪುಸ್ತಕದ ಡಿಂಗ ಅಲ್ಲ, ಈ ಖಾಕಿ ಡಿಂಗ. ಪತ್ರಿಕೆ ಹೋದ ಮೇಲೂ ಆ ಇಲಿಯನ್ನು ನಮ್ಮ ಮನೆಯಲ್ಲಿ ಉಳಿಸಿದ್ದು ಅತ್ತೆಯ ಸೂಜಿ. ಇದಕ್ಕೆ ಡೂಪ್ಲಿಕೇಟ್ ಅಂತ ಹೆಸರಿಡಲು ನಾಲಿಗೆ ಬರುತ್ತದಾ?

ಹಾಗಾದರೆ ಕಾನೂನು?

"ಸೆಂಟಿಮೆಂಟ್ ಬೇರೆ, ಕಾನೂನು ಬೇರೆ ಕಣಯ್ಯ" ಅಂತ ನನ್ನ ಸ್ನೇಹಿತನೊಬ್ಬ ಹೇಳಿದ. ಸರಿ, ಕಾನೂನನ್ನೇ ನೋಡೋಣ.

ಮೊದಲನೆಯದು, ಮಗುವಿಗೆ ಅಂತ ಮನೆಯಲ್ಲಿ ಹೊಲಿಯುವುದು. ನಮ್ಮ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್, ಸ್ವಂತ ಬಳಕೆಗೆ ನ್ಯಾಯವಾದ ರೀತಿಯಲ್ಲಿ ಬಳಸಿಕೊಂಡರೆ ಅದು ಉಲ್ಲಂಘನೆಯಲ್ಲ ಅನ್ನುತ್ತದೆ. ಮಗಳಿಗೆ ಮಿಕ್ಕಿ ಹೊಲಿದ ತಾಯಿ ಕಳ್ಳಿಯಲ್ಲ. ಹೆದರಬೇಡಿ.

ಎರಡನೆಯದು, ಮಾರುವುದು. ಇಲ್ಲಿ ನಾನು ನಮ್ಮ ಸಂಘದವರ ಪರ ಸುಳ್ಳು ಹೇಳುವುದಿಲ್ಲ. ಇನ್ನೊಬ್ಬರ ಹಕ್ಕಿರುವ ಪಾತ್ರವನ್ನು ಹೊಲಿದು ಮಾರಬೇಕಾದರೆ ಒಪ್ಪಿಗೆ ಬೇಕು. ಷಾರ್ಲೆಟ್ ಕ್ಲಾರ್ಕ್ ಕೂಡ ಒಪ್ಪಿಗೆ ಕೇಳಿಯೇ ಮಾರಿದ್ದು. ಅಮೆರಿಕದಲ್ಲಿ ಮಿಕ್ಕಿಯ ಆ ಮೊದಲ ಸಿನಿಮಾದ ಕಾಪಿರೈಟ್ 2024ರ ಜನವರಿ 1ಕ್ಕೆ ಮುಗಿಯಿತು. ಹಾಗಂತ ಇಲ್ಲಿ ಯಾರು ಬೇಕಾದರೂ ಮಿಕ್ಕಿ ಮಾರಬಹುದು ಅಂತ ವಾಟ್ಸಾಪಿನಲ್ಲಿ ಬಂದರೆ ನಂಬಬೇಡಿ. ನಮ್ಮ ದೇಶದ ಕಾನೂನು ಬೇರೆ, ಟ್ರೇಡ್‌ಮಾರ್ಕ್ ಬೇರೆ.

ಆದರೆ ಕಾನೂನು ಎಲ್ಲರಿಗೂ ಒಂದೇ ಅನ್ನುವವರು ಇದನ್ನೂ ಕೇಳಲಿ. ಮಿಕ್ಕಿಯ ಹಕ್ಕು ಮುಗಿಯುವ ಕಾಲ ಹತ್ತಿರ ಬಂದಾಗ, 1998ರಲ್ಲಿ ಅಮೆರಿಕದ ಸಂಸತ್ತು ಕಾಪಿರೈಟ್ ಅವಧಿಯನ್ನು 20 ವರ್ಷ ಹಿಗ್ಗಿಸಿತು. ಡಿಸ್ನಿ ಕಂಪನಿ ಅದಕ್ಕಾಗಿ ಓಡಾಡಿದ್ದರಿಂದ ಜನ ಆ ಕಾಯ್ದೆಗೆ ಮಿಕ್ಕಿ ಮೌಸ್ ಕಾಯ್ದೆ ಅಂತಲೇ ಹೆಸರಿಟ್ಟರು. ಕಂಪನಿ ಕೇಳಿದರೆ ಕಾಯ್ದೆಯೇ ಬದಲಾಗುತ್ತದೆ. ನಮ್ಮ ಸಂಘದ ಅಕ್ಕ ಕೇಳಿದರೆ ಮೇಜಿನ ಮೇಲೆ ಒಂದು ಮೊಳ ಜಾಗ ಸಿಗುವುದಿಲ್ಲ.

ಮೂರನೆಯದು, ಐಎಸ್‌ಐ ಗುರುತು. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಈ ನಿಯಮ ಬೇಕಾಗಿತ್ತು, ನಾನು ಅದರ ವಿರೋಧಿಯಲ್ಲ. 2019ರಲ್ಲಿ ಭಾರತೀಯ ಗುಣಮಟ್ಟ ಮಂಡಳಿ ಆಮದು ಆಟಿಕೆಗಳನ್ನು ಪರೀಕ್ಷೆ ಮಾಡಿಸಿದಾಗ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಫೇಲ್ ಆಗಿದ್ದವು. ಮಗು ಬಾಯಿಗಿಡುವ ವಸ್ತುವಿನಲ್ಲಿ ವಿಷ ಇರಬಾರದು.

ಆದರೆ ಅದೇ ಆದೇಶಕ್ಕೆ 2020ರ ಡಿಸೆಂಬರಿನಲ್ಲಿ ತಿದ್ದುಪಡಿ ತಂದು ಇಬ್ಬರಿಗೆ ವಿನಾಯಿತಿ ಕೊಟ್ಟಿದ್ದಾರೆ. ಚನ್ನಪಟ್ಟಣ, ಕಿನ್ನಾಳದಂಥ ಜಿಐ ಟ್ಯಾಗ್ ಇರುವ ಆಟಿಕೆಗಳನ್ನು ಮಾಡುವ ಅಧಿಕೃತ ಬಳಕೆದಾರರು ಒಬ್ಬರು. ಕೇಂದ್ರ ಜವಳಿ ಇಲಾಖೆಯ ಕೆಳಗಿರುವ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ಹೆಸರು ನೋಂದಾಯಿಸಿದ ಕುಶಲಕರ್ಮಿಗಳು ಇನ್ನೊಬ್ಬರು. ಆ ಕಚೇರಿ ಕೊಡುವ ಗುರುತಿನ ಚೀಟಿಗೆ 'ಪೆಹಚಾನ್' ಕಾರ್ಡ್ ಅನ್ನುತ್ತಾರೆ. ಬೊಂಬೆ ಮತ್ತು ಆಟಿಕೆ ಆ ಕಚೇರಿಯ ಕಸುಬುಗಳ ಪಟ್ಟಿಯಲ್ಲಿದೆ.

ಅಂದರೆ ಬಾಗಿಲು ಇದೆ. ಅದು ಎಲ್ಲಿದೆ ಅಂತ ನಮ್ಮ ಹೆಂಗಸರಿಗೆ ಹೇಳಿದವರಿಲ್ಲ. ಸಂಘಕ್ಕೆ ಹೊಲಿಗೆ ತರಬೇತಿ ಕೊಟ್ಟರು, ಮಷಿನ್ ಮುಂದೆ ನಿಲ್ಲಿಸಿ ಫೋಟೊ ತೆಗೆದರು, ಆ ಫೋಟೊ ನಾನೇ ಪತ್ರಿಕೆಗೆ ಕಳಿಸಿದೆ. ಈ ಕಾರ್ಡಿನ ಮಾತು ಯಾರ ಬಾಯಲ್ಲೂ ಬರಲಿಲ್ಲ. ಮೇಳದಲ್ಲಿ ಬೊಂಬೆ ಎತ್ತಿಡಿ ಅಂದವರಾದರೂ "ಕಾರ್ಡ್ ಇದೆಯೇನಮ್ಮ?" ಅಂತ ಕೇಳಬಹುದಿತ್ತು. ಕೇಳಿದ್ದರೆ ಅವತ್ತೇ ಗೊತ್ತಾಗುತ್ತಿತ್ತು, ಮರುದಿನವೇ ಅರ್ಜಿ ಬರೆಯುತ್ತಿದ್ದೆವು. ಅವರಿಗೆ ಬೇಕಾಗಿದ್ದದ್ದು ನಿಯಮವಲ್ಲ, ತಲೆನೋವು ತಪ್ಪಿದರೆ ಸಾಕಿತ್ತು.

ಹೊರದೇಶದ ಆಟಿಕೆಗೆ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ ಏರಿತು, 2023ರಲ್ಲಿ 70 ಆಯಿತು. ನಮ್ಮ ಆಟಿಕೆ ಬೆಳೆಯಲಿ ಅಂತ ಹಾಕಿದ ಬೇಲಿ ಇದು. ಒಳ್ಳೆಯದೇ. ಆದರೆ ಬೇಲಿಯ ಒಳಗೆ ಯಾರು ಬೆಳೆಯಬೇಕು? ಬರೀ ಕಾರ್ಖಾನೆಯವರಾ? ಅಥವಾ ರಾತ್ರಿ ಬಲ್ಬಿನ ಕೆಳಗೆ ಆನೆಯ ಸೊಂಡಿಲಿಗೆ ಹತ್ತಿ ತುಂಬುವವರೂ ಸೇರಿದ್ದಾರಾ?

ನಮಗೆ ಬೇಕಾದದ್ದು ಇಷ್ಟೇ

ಒಂದು, ಮೇಳ ನಡೆಸುವವರಿಗೆ. ನಿಯಮ ಇದ್ದರೆ ಬರೆದು ಕೊಡಿ, ಮೇಳಕ್ಕೆ ಹದಿನೈದು ದಿನ ಮುಂಚೆ ಕೊಡಿ, ಎಲ್ಲ ಅಂಗಡಿಗೂ ಕೊಡಿ. ಕೈಯಲ್ಲಿ ಹೊಲಿದ ಮಿಕ್ಕಿಯನ್ನು ಎತ್ತಿಸುವುದಾದರೆ ಪ್ಲಾಸ್ಟಿಕ್ ಬಾಟಲಿಯ ಮಿಕ್ಕಿಯನ್ನೂ ಎತ್ತಿಸಿ. ಅದು ಆಗುವುದಿಲ್ಲ ಅಂದರೆ ಇದನ್ನೂ ಮುಟ್ಟಬೇಡಿ. ಯಾರದೂ ಅಲ್ಲದ ಆನೆ ಮೊಲಕ್ಕಂತೂ ಕೈ ಹಾಕಲೇಬೇಡಿ.

ಎರಡು, ಕನ್ನಡದಲ್ಲಿ ಮಕ್ಕಳ ಪತ್ರಿಕೆ, ಕಾಮಿಕ್ ಮಾಡುವವರಿಗೆ. ಡಿಸ್ನಿಯಷ್ಟು ಲೆಕ್ಕ ಬಲ್ಲ ವ್ಯಾಪಾರಸ್ಥರೇ 1932ರಲ್ಲಿ ನಮೂನೆ ಅಚ್ಚು ಹಾಕಿ ಮನೆಮನೆಗೆ ಕೊಟ್ಟರು. ಅದರಿಂದ ಮಿಕ್ಕಿಗೆ ನಷ್ಟವಾಗಲಿಲ್ಲ, ಮಿಕ್ಕಿ ಇನ್ನಷ್ಟು ಮಕ್ಕಳ ಹಾಸಿಗೆ ಸೇರಿತು. ನಿಮ್ಮ ಪಾತ್ರಗಳ ನಮೂನೆಯನ್ನು ವರ್ಷಕ್ಕೊಮ್ಮೆ ನಡುಪುಟದಲ್ಲಿ ಅಚ್ಚು ಮಾಡಿ. ಕಿವಿ ಇಷ್ಟು, ಹೊಟ್ಟೆ ಇಷ್ಟು, ಬಾಲ ಇಷ್ಟು. ಮಾರುವ ಸಂಘದವರಿಗೆ ಸುಲಭದ ದರದಲ್ಲಿ ಒಂದು ಒಪ್ಪಿಗೆ ಪತ್ರ ಕೊಡಿ. ನಾನು ಚಿಕ್ಕವನಿದ್ದಾಗ ಓದಿದ ಯಾವ ಸಂಚಿಕೆಯಲ್ಲೂ ಅಂಥ ಪುಟ ಕಂಡದ್ದು ನೆನಪಿಲ್ಲ. ಇದ್ದಿದ್ದರೆ ನನ್ನ ಡಿಂಗನಿಗೆ ಖಾಕಿ ಮೈ ಬರುತ್ತಿರಲಿಲ್ಲವೇನೋ!

ಮೂರು, ನಮ್ಮ ಅಕ್ಕತಂಗಿಯರಿಗೆ. ಪೆಹಚಾನ್ ಕಾರ್ಡಿಗೆ ಅರ್ಜಿ ಹಾಕಿ. ಮಾರುವ ಬೊಂಬೆಗೆ ಗುಂಡಿ, ಮಣಿ ಹಾಕಬೇಡಿ, ಕಣ್ಣನ್ನು ದಾರದಲ್ಲೇ ಹೆಣೆಯಿರಿ. ಬಣ್ಣ ಬಿಡುವ ಬಟ್ಟೆಯನ್ನು ಒಗೆದು ನೋಡಿ ಹೊಲಿಯಿರಿ. ಮಿಕ್ಕಿಯನ್ನು ಮನೆಯ ಮಕ್ಕಳಿಗೆ ಇಟ್ಟುಕೊಳ್ಳಿ. ಸಂತೆಗೆ ನಿಮ್ಮದೇ ಆನೆ ಬರಲಿ, ನಿಮ್ಮದೇ ಕೋಳಿ ಬರಲಿ, ನಿಮ್ಮೂರಿನ ಕಥೆಯ ಹುಲಿ ಬರಲಿ. ಅದರ ಮೇಲೆ ಯಾವ ಕಂಪನಿಯ ಹೆಸರೂ ಇರುವುದಿಲ್ಲ.

ನಾಲ್ಕು, ಕೊಳ್ಳುವ ನಮಗೆ. ಊರಲ್ಲಿ ಹೊಲಿದ ಬೊಂಬೆ ನೋಡಿ "ಒಂದು ಕಿವಿ ಸೊಟ್ಟ" ಅಂತ ಇಪ್ಪತ್ತು ರೂಪಾಯಿಗೆ ಚೌಕಾಸಿ ಮಾಡಿ, ಪೇಟೆಗೆ ಹೋಗಿ ಅದರ ನಾಲ್ಕು ಪಟ್ಟು ಕೊಟ್ಟು ಪ್ಲಾಸ್ಟಿಕ್ ವಾಸನೆಯ ಗೊಂಬೆ ತರುತ್ತೇವಲ್ಲ, ಆ ಬುದ್ಧಿ ಬಿಡೋಣ. ನಾನೂ ತಂದಿದ್ದೇನೆ.

ಮೇಳ ಮುಗಿದ ಸಂಜೆ ಆ ಮೂವರೂ ಕೊನೇ ಬಸ್ಸಿಗೆ ಗೋಣಿಚೀಲ ಹೊತ್ತುಕೊಂಡು ಹೋದರು. ಟಾಪ್ ಮೇಲೆ ಹಾಕಿ ಅಂದರೆ ಕೇಳದೆ ತೊಡೆ ಮೇಲೇ ಇಟ್ಟುಕೊಂಡರು. ಆರು ಮಿಕ್ಕಿಗಳನ್ನು ಅವರವರ ಮನೆ ಮಕ್ಕಳು ಹಂಚಿಕೊಂಡವು. ಆನೆ ಮೊಲಗಳು ಇನ್ನೂ ಅಟ್ಟದ ಮೇಲಿವೆ. ಮೊನ್ನೆ ಹೋಗಿ ಕಾರ್ಡಿನ ವಿಷಯ ಹೇಳಿದೆ. ಇಬ್ಬರು ಅರ್ಜಿ ಹಾಕಲು ಒಪ್ಪಿದ್ದಾರೆ. ಮೂರನೆಯವರು, "ಮತ್ತೆ ಎಲ್ಲರ ಎದುರು ಡೂಪ್ಲಿಕೇಟ್ ಅನ್ನಿಸಿಕೊಳ್ಳಕ್ಕೆ ನಂಗಾಗಲ್ಲ ಕಣಪ್ಪ" ಅಂತ ಒಳಗೆ ಹೋದರು.

ಅವರನ್ನು ವಾಪಸ್ ಮಷಿನ್ ಮುಂದೆ ಕೂರಿಸಲು ನನ್ನ ಒಂದು ಬರಹ ಸಾಲದು. ಮುಂದಿನ ಮೇಳದಲ್ಲಿ ಆ ಮೇಜಿನ ಮುಂದೆ ನೀವು ನಾಲ್ಕು ಜನ ನಿಲ್ಲಬೇಕು. ಯಾರಾದರೂ ಬಂದು ಎತ್ತಿಡಿ ಅಂದರೆ, "ಯಾವ ನಿಯಮ ಸ್ವಾಮಿ, ತೋರಿಸಿ" ಅಂತ ಕೇಳಬೇಕು. ನಾನೂ ಅಲ್ಲೇ ಇರುತ್ತೇನೆ. ಈ ಸಲ ಸುದ್ದಿಯ ಮೊದಲ ಸಾಲಿನಲ್ಲೇ ಬೊಂಬೆ ಇರುತ್ತದೆ. ಕತ್ತರಿಸುವುದಾದರೆ ಡೆಸ್ಕಿನವರೇ ಕತ್ತರಿಸಲಿ.